ಶೀನನ ಹವಾಮಾನ ಇಲಾಖೆ

"ಇಪ್ಪತ್ತು ಥರದ ಮಾಹಿತಿ ತೋರಿಸುತ್ತಂತೆ!" ಅಂತ ಶೀನ ತನ್ನ ಫೋನನ್ನು ನಮ್ಮ ಮೂಗಿಗೆ ತಾಗೋ ಹಾಗೆ ಹಿಡಿದ. ಅದರಲ್ಲೊಂದು ಯಂತ್ರದ ಚಿತ್ರ, ಯಂತ್ರಕ್ಕೆ ಬಣ್ಣಬಣ್ಣದ ಪರದೆ. ಅದರೊಳಗೆ ಮೋಡ, ಸೂರ್ಯ, ಅರ್ಧ ಚಂದ್ರ, ಮೂಲೆಯಲ್ಲಿ ಕೋಟು ತೊಟ್ಟ ಒಂದು ಪುಟಾಣಿ ಗೊಂಬೆ. ಮನೆಗೊಂದು ವೈರ್‌ಲೆಸ್ ವೆದರ್ ಸ್ಟೇಷನ್ (ಹೊರಗಿಟ್ಟ ಸೆನ್ಸರ್ ಅಳೆದ ಸೆಖೆ, ತೇವ, ಮಳೆಯನ್ನ ಒಳಗೆ ತೋರಿಸೋ ಯಂತ್ರ) ತರಲೇಬೇಕು, ಅದೂ ಬ್ಯಾಟರಿ ಸೆಲ್ಲಿನಲ್ಲೇ ಓಡಬೇಕು, ಗೋಡೆ ಕೊರೆದು ವೈರ್ ಎಳೆಯೋ ತಾಪತ್ರಯವೇ ಬೇಡ ಅನ್ನೋದು ಅವನ ಹಟ.

"ಬಿಸಿಲಿದೆಯಾ ಮೋಡ ಇದೆಯಾ ಅಂತ ನೋಡೋಕೆ ಕಿಟಕಿ ಸಾಲದೇನೋ?" ಅಂದರು ಸರೋಜಕ್ಕ.

"ಕಿಟಕಿ ಎಷ್ಟು ಡಿಗ್ರಿ ಅಂತ ಹೇಳಲ್ಲ, ಅಕ್ಕಾ."

"ಡಿಗ್ರಿ ಗೊತ್ತಾದ ಮಾತ್ರಕ್ಕೆ ಸೆಖೆ ಕಡಿಮೆ ಆಗುತ್ತಾ?"

"ಆಗಲ್ಲ. ಆದ್ರೆ ಸೆಖೇನ ಲೆಕ್ಕ ಇಟ್ಟು ಬೈಬಹುದು."

ವಿಶ್ವಣ್ಣ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಳ್ಳುತ್ತಿದ್ದರು. ಫಿಸಿಕ್ಸ್ ಪಾಠ ಹೇಳಿ ನಿವೃತ್ತರಾದವರು. ಶೀನನ ಮನೆಗೂ ಅವರ ಮನೆಗೂ ನಡುವೆ ಇರೋದು ಒಂದೇ ಕಾಂಪೌಂಡ್ ಗೋಡೆ. ಯಾವ ಹೊಸ ಸಾಮಾನಿನ ಮಾತು ಬಂದರೂ ಮೊದಲು "ದಂಡ" ಅನ್ನುತ್ತಾರೆ, ಆಮೇಲೆ ಅದು ಯಾಕೆ ದಂಡ ಅನ್ನೋದನ್ನ ನಾವು ಬೇಡ ಅಂದರೂ ವಿವರಿಸುತ್ತಾರೆ.

"ದಂಡ," ಅಂದರು. "ಹಿತ್ತಲಲ್ಲಿ ಜೀರುಂಡೆ ಕೂಗಲ್ವೇನೋ? ಡಾಲ್ಬೇರ್ ಅನ್ನೋ ಅಮೆರಿಕದ ವಿಜ್ಞಾನಿ 1897ರಲ್ಲೇ ಬರೆದಿಟ್ಟ. ಸೆಖೆ ಏರಿದ ಹಾಗೆ ಜೀರುಂಡೆ ಚಿರ್‌ಗುಟ್ಟೋದು ಜೋರಾಗುತ್ತೆ. 8 ಸೆಕೆಂಡಲ್ಲಿ ಎಷ್ಟು ಸಲ ಕೂಗಿತು ಅಂತ ಎಣಿಸಿ 5 ಸೇರಿಸು, ಹೆಚ್ಚುಕಡಿಮೆ ಸೆಲ್ಸಿಯಸ್ ಬಂತು. ವೈರೂ ಬೇಡ, ಸೆಲ್ಲೂ ಬೇಡ."

"ಎಲ್ಲಾ ಜೀರುಂಡೇನೂ ಆಗುತ್ತಾ?"

"ಇಲ್ಲ, ಅದಕ್ಕೆ ಸರಿಯಾದ ಜಾತಿ ಆಗಬೇಕು."

"ಹುಳದ ಹತ್ರಾನೂ ಜಾತಿ ಕೇಳಬೇಕಾ? ಬೇಡ ವಿಶ್ವಣ್ಣ, ನನಗೆ ಯಂತ್ರಾನೇ ಇರಲಿ."

ಸರಿ, ಚರ್ಚೆ ಯಂತ್ರದ ಕಡೆ ತಿರುಗಿತು. ಮೊದಲು ಪೆಟ್ಟು ಬಿದ್ದದ್ದು ಆ ಬಣ್ಣದ ಪರದೆಗೆ. ವಿಶ್ವಣ್ಣ ಫೋನು ಇಸಿದುಕೊಂಡು, ಕನ್ನಡಕ ಹಣೆಗೇರಿಸಿ, ಎಲ್ಲಕ್ಕಿಂತ ಕೆಳಗೆ ಸಾಸಿವೆಯಷ್ಟು ಅಕ್ಷರದಲ್ಲಿ ಬರೆದದ್ದನ್ನು ಓದಿದರು. "ಅಡಾಪ್ಟರ್ ಜತೆಗೇ ಬರುತ್ತೆ ಅಂತಿದೆ. ಯಾಕೆ ಹೇಳು? ಸದಾ ಬೆಳಗೋ ಬಣ್ಣದ ಪರದೇನ ಸೆಲ್ಲು ಸಾಕಲಾರದು. ಕರೆಂಟು ಹೋದಾಗ ಟೈಮು ಮರೀದೇ ಇರ್ಲಿ ಅಂತ ಒಳಗೆ ಸೆಲ್ಲು ಇಟ್ಟಿರ್ತಾರೆ, ಅಷ್ಟೆ. ಪ್ಲಗ್ ಕಿತ್ತೆ ಅಂದ್ರೆ ಗುಂಡಿ ಒತ್ತಿದಾಗ ನಾಲ್ಕು ಸೆಕೆಂಡ್ ಮಿನುಗಿ ಮಲಗುತ್ತೆ."

"ಮತ್ತೆ ಬರೀ ಸೆಲ್ಲಲ್ಲಿ ಓಡೋದು ಯಾವುದು?"

"ಬೂದು ಬಣ್ಣದ ಎಲ್‌ಸಿಡಿ. ಹಳೇ ಕ್ಯಾಲ್ಕ್ಯುಲೇಟರ್‌ದು ಇತ್ತಲ್ಲ, ಅದೇ. ನೋಡೋಕೆ ಮುಖ ಸಪ್ಪಗೆ, ಆದ್ರೆ ಎರಡು ಸೆಲ್ಲು ಹಾಕಿದ್ರೆ ತಿಂಗಳುಗಟ್ಟಲೆ ಕೇಳೋ ಹಾಗಿಲ್ಲ."

"ವೈಫೈ ಬೇಕಲ್ಲ, ಆಫೀಸಿಂದಾನೂ ನೋಡಬೇಕು."

"ವೈಫೈ ಅಂದ ಕೂಡ್ಲೆ ಮತ್ತೆ ಪ್ಲಗ್ಗು. ಅದೂ ಸೆಲ್ಲು ನುಂಗೋ ಪೈಕಿನೇ."

"ಆಫೀಸಲ್ಲಿ ಕೂತು ಮನೆ ಸೆಖೆ ನೋಡಿ ಏನು ಮಾಡ್ತೀಯೋ?" ಸರೋಜಕ್ಕ ಕೇಳಿದರು.

ಶೀನ ಯೋಚಿಸಿದ. "ಸಮಾಧಾನ ಪಟ್ಕೋತೀನಿ."

ಹೊರಗಿಡೋ ಸೆನ್ಸರ್ ವಿಷಯ ಬಂದಾಗ ಸರೋಜಕ್ಕನಿಗೆ ಒಂದು ಅನುಮಾನ. ಎರಡು ಸಣ್ಣ ಸೆಲ್ಲಿಟ್ಟುಕೊಂಡು ಅದು ಹಗಲೂ ರಾತ್ರಿ ಹೇಗೆ ಸುದ್ದಿ ಕಳಿಸುತ್ತೆ? ಹಗಲೂ ರಾತ್ರಿ ಎಲ್ಲಿ ಕಳಿಸುತ್ತೆ ಅಂದರು ವಿಶ್ವಣ್ಣ. ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಎದ್ದು, ಕ್ಷಣಮಾತ್ರ ರೇಡಿಯೋದಲ್ಲಿ ಕೂಗಿ, ಮತ್ತೆ ನಿದ್ದೆ.

"ಅಂಥ ನೌಕರಿ ನಮಗೆ ಸಿಗಲಿಲ್ಲ ನೋಡಿ," ಅಂದೆ ನಾನು.

ಸೆಲ್ಲಿನ ಬಗ್ಗೆ ಮಾತ್ರ ವಿಶ್ವಣ್ಣ ನಗಲಿಲ್ಲ. ರೀಚಾರ್ಜ್ ಆಗೋ ಸೆಲ್ಲಿದ್ದರೆ ಖರ್ಚು ಉಳಿಯಿತಲ್ಲ ಅಂತ ಶೀನ ಅಂದದ್ದೇ ತಡ, ಪಾಠ ಶುರು. ಮಾಮೂಲಿ ಆಲ್ಕಲೈನ್ ಸೆಲ್ಲು 1.5 ವೋಲ್ಟ್, ರೀಚಾರ್ಜ್ ಆಗೋ ನಿಕ್ಕಲ್ ಸೆಲ್ಲು 1.2. ಆ ವ್ಯತ್ಯಾಸಕ್ಕೇ ಎಷ್ಟೋ ಯಂತ್ರಗಳು ಹೊಸ ಸೆಲ್ಲು ಹಾಕಿದ ದಿನವೇ "ಬ್ಯಾಟರಿ ಮುಗಿಯಿತು" ಅಂತ ಅಳುತ್ತವೆ. ಹೊರಗೆ ನೀರು ಹೆಪ್ಪುಗಟ್ಟೋ ಚಳಿ ಇರೋ ಕಡೆ ಆಲ್ಕಲೈನೂ ಸೋಲುತ್ತೆ, ಅದರೊಳಗಿನ ದ್ರವ ನೀರಿನದಾದ್ದರಿಂದ. ಅಲ್ಲಿಗೆ ಲಿಥಿಯಂ ಸೆಲ್ಲೇ ಆಗಬೇಕು. ಅದು ಸೊನ್ನೆಗಿಂತ 40 ಡಿಗ್ರಿ ಕೆಳಗೂ ದುಡಿಯುತ್ತೆ. ಹಳೇದು ಹೊಸದು ಬೆರೆಸಬೇಡಿ ಅಂತ ಕೊನೆಗೊಂದು ಎಚ್ಚರಿಕೆ ಬೇರೆ.

"ಸಿಗ್ನಲ್ 100 ಮೀಟರ್ ದೂರ ಹೋಗುತ್ತಂತೆ. ನಮ್ಮ ಮನೆ ಅಷ್ಟುದ್ದ ಎಲ್ಲಿದೆ?" ಅಂತ ಶೀನ ಗೆದ್ದವನ ಹಾಗೆ ಕೂತ.

"ಬಯಲಲ್ಲಿ ಕಣೋ 100! ಗೋಡೆ ಇಲ್ಲದ, ಮರ ಇಲ್ಲದ, ನೀನೂ ಇಲ್ಲದ ಬಯಲಲ್ಲಿ. ಕಂಬಿ ಹಾಕಿದ ಕಾಂಕ್ರೀಟು ಎರಡು ಸಲ ಅಡ್ಡ ಬಂದರೆ ಆ ನೂರರಲ್ಲಿ ಉಳಿಯೋದು ಎಷ್ಟು ಅಂತ ಇಟ್ಟು ನೋಡಿದ ಮೇಲೇ ಗೊತ್ತಾಗೋದು."

ಈಗ ನನ್ನದೂ ಒಂದು ಮಾತು. ಇಂಥ ಯಂತ್ರ ಆರಿಸೋರು ಡಬ್ಬದ ಮೇಲಿನ ಚಿತ್ರ ನೋಡುತ್ತಾರೆಯೇ ಹೊರತು, ಸೆನ್ಸರನ್ನು ತಮ್ಮ ಮನೆಯಲ್ಲಿ ಎಲ್ಲಿ ನೇತುಹಾಕಬೇಕು ಅಂತ ಒಂದು ಸುತ್ತು ಹೋಗಿ ನೋಡೋದಿಲ್ಲ. ಜಾಗ ಸಿಕ್ಕ ಮೇಲೆ ಯಂತ್ರ ಆರಿಸೋದು ಸಲೀಸು. ಜಾಗವೇ ಇಲ್ಲದಿದ್ದರೆ ಎಷ್ಟು ದುಬಾರಿಯದು ತಂದರೂ ಅದು ಸುಳ್ಳು ಹೇಳುತ್ತೆ, ಅದೂ ದಶಾಂಶ ಸಮೇತ.

"ತಾರಸಿ ಮೇಲಿಡೋಣ ಅಂತಿದ್ದೆ," ಅಂದ ಶೀನ.

"ನೆತ್ತಿ ಮೇಲಿನ ಬಿಸಿಲಲ್ಲಾ? ಹಾಗಿಟ್ಟರೆ ಅದು ಗಾಳಿ ಎಷ್ಟು ಬಿಸಿ ಅಂತ ಹೇಳಲ್ಲ, ತನ್ನ ಪ್ಲಾಸ್ಟಿಕ್ ಡಬ್ಬ ಎಷ್ಟು ಬೆಂದಿದೆ ಅಂತ ಹೇಳುತ್ತೆ." ವಿಶ್ವಣ್ಣ ನೆಟ್ಟಗೆ ಕೂತರು. "ಹವಾಮಾನದವರು ಬಿಳೀ ಪೆಟ್ಟಿಗೆ ನಿಲ್ಲಿಸಿರ್ತಾರೆ ನೋಡಿಲ್ವಾ? ನಾಲ್ಕು ಕಡೆ ಓರೆ ಪಟ್ಟಿ, ಬಿಸಿಲು ಒಳಗೆ ಬರಲ್ಲ, ಗಾಳಿ ಆಡುತ್ತೆ. ಸ್ಟೀವನ್‌ಸನ್ ಪೆಟ್ಟಿಗೆ ಅಂತಾರೆ. ಥಾಮಸ್ ಸ್ಟೀವನ್‌ಸನ್ ಅಂತ ಸ್ಕಾಟ್ಲೆಂಡಿನ ದೀಪಸ್ತಂಭದ ಎಂಜಿನಿಯರ್ ಮಾಡಿದ್ದು. ಅದರೊಳಗಿನ ಥರ್ಮಾಮೀಟರ್ ನೆಲದಿಂದ ಒಂದೂಕಾಲು ಮೀಟರಿಂದ ಎರಡು ಮೀಟರ್ ಎತ್ತರದಲ್ಲಿರಬೇಕು. ಆ ಲೆಕ್ಕ ಇಡೀ ಜಗತ್ತಿಗೆ ಒಂದೇ."

"ಹಾಗಾದ್ರೆ ಅಡುಗೆಮನೆ ಕಿಟಕಿ ಹೊರಗೆ? ಅಲ್ಲಿ ನೆರಳಿದೆ."

"ಒಲೆ ಹಚ್ಚಿದಾಗೆಲ್ಲ ಬೇಸಿಗೆ ಬರುತ್ತೆ."

"ಬಚ್ಚಲುಮನೆ ಪಕ್ಕ?"

"ಸ್ನಾನ ಮಾಡಿದಾಗೆಲ್ಲ ಮಳೆಗಾಲ."

"ಏಸಿಯ ಹೊರಗಿನ ಡಬ್ಬದ ಮೇಲೆ?"

ಇದಕ್ಕೆ ವಿಶ್ವಣ್ಣ ಉತ್ತರವನ್ನೇ ಕೊಡಲಿಲ್ಲ.

ಗಾಳಿಯ ವೇಗ ಅಳೆಯೋ ಬಟ್ಟಲೂ ಬೇಕು ಅಂತ ಶೀನನಿಗೆ ಆಸೆ. ಮೂರು ಬಟ್ಟಲು ಗಿರಗಿರನೆ ತಿರುಗೋದು ನೋಡೋಕೇ ಚಂದ ಅಂತೆ. ಅದರ ಅಳತೆಗೆ ಒಪ್ಪೋ ಎತ್ತರ 10 ಮೀಟರ್, ಅದೂ ಸುತ್ತಮುತ್ತ ಏನೂ ಅಡ್ಡ ಇಲ್ಲದ ಕಡೆ ಅಂತ ಗೊತ್ತಾದ ಮೇಲೆ ಮೌನವಾದ. ಸೆಲ್ಲು ಬದಲಿಸೋಕೆ ಅಲ್ಲಿಗೆ ಹತ್ತೋದು ಯಾರು ಅಂತ ಸರೋಜಕ್ಕ ಕೇಳಿದರು. ಬಟ್ಟಲಿನ ಪ್ರಕರಣ ಅಲ್ಲಿಗೆ ಮುಗಿಯಿತು.

ಮಳೆಮಾಪಕದ ಗತಿಯೂ ಅದೇ ಆಗಬೇಕಿತ್ತು. ಒಳಗೆ ತೂಗುಮಣೆ ಥರ ಎರಡು ಪುಟ್ಟ ಬೋಗುಣಿ, ಒಂದು ತುಂಬಿ ವಾಲಿದರೆ ಇನ್ನೊಂದು ಮೇಲೆ ಬರುತ್ತೆ, ಒಂದು ವಾಲು ಅಂದರೆ ಸುಮಾರು 0.2 ಅಥವಾ 0.3 ಮಿಲಿಮೀಟರ್ ಮಳೆ. ಎಲೆ ಬಿದ್ದರೆ, ಜೇಡ ಬಲೆ ಕಟ್ಟಿದರೆ ವಾಲೋದು ನಿಂತಿತು. ಹೊರಗೆ ಧೋ ಅಂತ ಸುರೀತಿದ್ದರೂ ಒಳಗೆ ಸೊನ್ನೆ. ಬೇಡ ಬಿಡಿ ಅಂತ ಶೀನ ಅನ್ನೋಷ್ಟರಲ್ಲಿ ವಿಶ್ವಣ್ಣ, "1 ಮಿಲಿಮೀಟರ್ ಮಳೆ ಅಂದ್ರೆ ಒಂದು ಚದರ ಮೀಟರ್ ಜಾಗಕ್ಕೆ 1 ಲೀಟರ್ ನೀರು," ಅಂತ ಬಾಯಿ ತಪ್ಪಿ ಅಂದುಬಿಟ್ಟರು.

ಸರೋಜಕ್ಕನ ಬೆರಳುಗಳು ತಕ್ಷಣ ಲೆಕ್ಕಕ್ಕಿಳಿದವು. "ಅಂದ್ರೆ 100 ಚದರ ಮೀಟರ್ ತಾರಸಿ, 10 ಮಿಲಿಮೀಟರ್ ಮಳೆ... 1000 ಲೀಟರ್! ಅಷ್ಟೂ ಚರಂಡಿಗೆ ಹೋಗ್ತಿದೆಯಾ? ಶೀನ, ಮಳೆದು ಇರೋದೇ ತಗೊಳ್ಳೋ. ಜೇಡ ನಾನು ನೋಡ್ಕೋತೀನಿ."

ಇಷ್ಟು ಹೊತ್ತು ಕಿಟಕಿ ಸಾಕು ಅಂತಿದ್ದವರು ಇವರೇನಾ ಅಂತ ನಾನು ಶೀನನ ಮುಖ ನೋಡಿದೆ.

ಇನ್ನು ಉಳಿದದ್ದು ಭವಿಷ್ಯ. ಶೀನನಿಗೆ ಮೊದಲಿಂದಲೂ ಅದೇ ಮುಖ್ಯ: ಗೊಂಬೆ ಕೊಡೆ ಹಿಡಿದರೆ ಮಳೆ, ಕೋಟು ತೊಟ್ಟರೆ ಚಳಿ.

"ಆ ಗೊಂಬೆಗೆ ಮೋಡ ಕಾಣುತ್ತಾ? ಆಕಾಶ ಕಾಣುತ್ತಾ?" ವಿಶ್ವಣ್ಣ ಕೇಳಿದರು. "ಮಳೆ ಬರುತ್ತಾ ಅಂತ ಹೇಳೋಕೆ ಅದಕ್ಕೆ ಗೊತ್ತಿರೋದು ವಾಯುಭಾರ ಒಂದೇ. ಏರಿದರೆ ಸೂರ್ಯ, ಇಳಿದರೆ ಮಳೆ. 1915ರಲ್ಲಿ ಲಂಡನ್ನಿನ ನೆಗ್ರೆಟಿ ಅಂಡ್ ಜಾಂಬ್ರಾ ಅನ್ನೋ ಕಂಪನಿ ಅಂಗೈಯಷ್ಟು ಚಕ್ರ ಮಾಡಿ ಮಾರಿತ್ತು. ವಾಯುಭಾರ, ಗಾಳಿ ದಿಕ್ಕು ನೋಡಿ ತಿರುಗಿಸಿದ್ರೆ 26 ಭವಿಷ್ಯದಲ್ಲಿ ಒಂದು ಹೇಳೋದು. ಇವತ್ತಿನ ಡಬ್ಬಗಳೂ ಅದೇ ಜಾತಕ ಓದ್ತಿರೋದು, ಗೊಂಬೆ ಮಾತ್ರ ಹೊಸದು."

"ಆದ್ರೂ ಸರಿಹೋಗುತ್ತಲ್ಲ?"

"ಚಳಿ ದೇಶಗಳಲ್ಲಿ ಸುಮಾರಾಗಿ. ಭೂಮಧ್ಯರೇಖೆಗೆ ಹತ್ತಿರ ಇದ್ದವರಿಗೆ ಕಷ್ಟ. ಅಲ್ಲಿ ವಾಯುಭಾರ ದಿನಾ ಬೆಳಗ್ಗೆಯೂ ರಾತ್ರಿಯೂ 10ರ ಸುಮಾರಿಗೆ ಏರುತ್ತೆ, ಸಂಜೆಯೂ ಬೆಳಗಿನ ಜಾವವೂ 4ರ ಸುಮಾರಿಗೆ ಇಳಿಯುತ್ತೆ. ಮಳೆ ಇರ್ಲಿ ಬಿಡಲಿ, ಅದರ ಪಾಡಿಗೆ ಅದು. ಅದನ್ನ ನಂಬಿದ ಗೊಂಬೆ ದಿನಾ ಸಂಜೆ ಕೊಡೆ ಬಿಚ್ಚುತ್ತೆ. ಅದೂ ಅಲ್ಲದೆ ನಿನ್ನ ಊರು ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ಮೊದಲೇ ತುಂಬಿಸಬೇಕು. 8 ಮೀಟರ್ ಮೇಲೇರಿದರೆ ವಾಯುಭಾರ ಸುಮಾರು 1 ಹೆಕ್ಟೊಪ್ಯಾಸ್ಕಲ್ (ಅದನ್ನ ಅಳೆಯೋ ಮಾನ) ಇಳಿಯುತ್ತೆ. ತುಂಬಿಸದಿದ್ದರೆ ಬೆಟ್ಟದ ಮೇಲಿರೋರಿಗೆಲ್ಲ ಅದು ವರ್ಷವಿಡೀ ಚಂಡಮಾರುತ ಹೇಳಬಹುದು."

ಶೀನ ಗೊಂಬೆಯನ್ನ ಇನ್ನೊಮ್ಮೆ ನೋಡಿದ. "ಪರಮಾಣು ಗಡಿಯಾರ ಇದೆ ಅಂತ ಬರೆದಿದ್ದಾರೆ, ಅದಾದ್ರೂ ನಿಜವಾ?"

"ಗಡಿಯಾರ ಇರೋದು ಜರ್ಮನಿಯಲ್ಲೋ ಅಮೆರಿಕದಲ್ಲೋ. ಜರ್ಮನಿಯದು ರೇಡಿಯೋದಲ್ಲಿ 77.5 ಕಿಲೋಹರ್ಟ್ಜ್‌ನಲ್ಲಿ ಟೈಮು ಕೂಗುತ್ತೆ, ಅಮೆರಿಕದ್ದು 60ರಲ್ಲಿ. ಕಿವಿಗೆ ಬೀಳೋಷ್ಟು ಹತ್ತಿರ ಇದ್ದರೆ ಡಬ್ಬ ತಾನೇ ಸರಿಮಾಡ್ಕೊಳ್ಳುತ್ತೆ. ದೂರ ಇದ್ದರೆ ನೀನೇ ಪರಮಾಣು, ಕೈಯಲ್ಲಿ ತಿರುಗಿಸು."

ತೇವಾಂಶದ ಅಂಕಿಯನ್ನೂ ಪೂರ್ತಿ ನಂಬಬೇಡ, ಶೇಕಡಾ 5ರಷ್ಟು ಆಚೀಚೆ ಇರೋದು ಮಾಮೂಲು ಅಂತ ಅವರೇ ಸೇರಿಸಿದರು. ಅದಕ್ಕೆ ಒಂದು ಪರೀಕ್ಷೆಯಂತೆ. ಚಿಕ್ಕ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಸರಾಗೋಷ್ಟು ಮಾತ್ರ ನೀರು ಚಿಮುಕಿಸಿ, ಸೆನ್ಸರ್ ಜತೆ ಗಾಳಿಯಾಡದ ಡಬ್ಬದಲ್ಲಿ ಒಂದು ರಾತ್ರಿ ಮುಚ್ಚಿಡೋದು. ಬೆಳಗ್ಗೆ 75 ತೋರಿಸಬೇಕು. 80 ತೋರಿಸಿದರೆ ಆಮೇಲೆ ಯಾವತ್ತೂ 5 ಕಳೆದು ಓದು. ಇಷ್ಟು ಅಗ್ಗದ ಪರೀಕ್ಷೆ ಇರೋವಾಗ ಕಂಪನಿಯವರ ಜತೆ ಜಗಳ ಆಡೋದು ವ್ಯರ್ಥ ಅಂತ ನನಗೂ ಅನ್ನಿಸಿತು.

ಕೊನೆಗೆ ತೀರ್ಮಾನ ಆಯಿತು. ಬೂದು ಪರದೆ, ಒಳಗೊಂದು ಹೊರಗೊಂದು ತಾಪಮಾನ, ತೇವಾಂಶ, ಮಳೆಮಾಪಕ. ಗೊಂಬೆ ಇಲ್ಲ. ಮುಂದೆ ಬೇಕಾದರೆ ಇನ್ನೊಂದು ಸೆನ್ಸರ್ ಸೇರಿಸೋ ಹಾಗಿರಬೇಕು, ಅದೂ ಅದೇ ಕಂಪನಿಯದು, ಅದೇ ಫ್ರೀಕ್ವೆನ್ಸಿಯದು. ಕೆಲವು ದೇಶಕ್ಕೆ 433 ಮೆಗಾಹರ್ಟ್ಜ್, ಕೆಲವಕ್ಕೆ 868, ಕೆಲವಕ್ಕೆ 915. ಒಂದರ ಮಾತು ಇನ್ನೊಂದಕ್ಕೆ ಕೇಳಿಸಲ್ಲ. ತದ್ರೂಪದ್ದೇ ಪಕ್ಕದ ಮನೆಯಲ್ಲಿದ್ದರೆ ಮಾತ್ರ ಕೇಳಬಾರದ್ದೂ ಕೇಳಿಸುತ್ತೆ, ಅವರ ಬಾಲ್ಕನಿಯ ಸೆಖೆ ನಮ್ಮ ಗೋಡೆಗೆ ಬರುತ್ತೆ.

ಶೀನ ಒಂದನ್ನು ಆರಿಸಿ ತೋರಿಸಿದ. "ಇದರಲ್ಲಿ ಮೂರು ಚಾನೆಲ್ ಇದೆ, ಒಂದೊಂದು ಸೆನ್ಸರಿಗೆ ಒಂದೊಂದು. ಸೆನ್ಸರ್ ಹಿಂದೆ ಒಂದು ಗುಂಡಿ. ಚಾನೆಲ್ ಒಂದರಲ್ಲೇ ಇಟ್ಬಿಡ್ತೀನಿ."

ವಿಶ್ವಣ್ಣ ಫೋನನ್ನೇ ದಿಟ್ಟಿಸಿ ನೋಡಿದರು. "ಇದೇನಾ ಮಾಡೆಲ್ಲು? ಒಂದು ಬೇಡ."

"ಸರಿ, ಎರಡು."

"ಎರಡೂ ಬೇಡ."

"ಯಾಕೆ ವಿಶ್ವಣ್ಣ?"

ಅವರು ಕನ್ನಡಕ ತೆಗೆದು, ಅಂಗಿ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು. "ಒಂದು ನಮ್ಮ ಬಾಲ್ಕನಿ. ಎರಡು ನಮ್ಮ ಹಿತ್ತಲು."

ಸರೋಜಕ್ಕ ಬಾಯಿ ತೆರೆದವರು ಹಾಗೇ ಕೂತರು.

"ಮೂರು ಸದ್ಯಕ್ಕೆ ಖಾಲಿ ಇದೆ," ಅಂದರು ವಿಶ್ವಣ್ಣ. "ತಗೊಳ್ಳೋದಾದ್ರೆ ಬೇಗ ತಗೊಳ್ಳೋ. ಮಾಳಿಗೆಗೂ ಒಂದು ಹೇಳಿದೀನಿ."