ಫಿನಿಕಮ್ ಪ್ರಕರಣ: ಕೈ ಮೇಲೆತ್ತಿದವರ ಮೇಲೆ ಗುಂಡು ಹಾರಿಸಿದ್ದು ಸರಿಯೇ?

ಪ್ರಶ್ನೆ: 2016ರ ಜನವರಿ 26ರಂದು ಅಮೆರಿಕದ ಆರೆಗಾನ್‌ನಲ್ಲಿ, ಮಾಲ್ಹ್ಯೂರ್ ವನ್ಯಜೀವಿ ಧಾಮವನ್ನು ಆಕ್ರಮಿಸಿಕೊಂಡಿದ್ದ ಗುಂಪಿನ ವಕ್ತಾರ ಲವೊಯ್ ಫಿನಿಕಮ್ ಪೊಲೀಸರ ಗುಂಡಿಗೆ ಬಲಿಯಾದರು. ವಿಡಿಯೊದಲ್ಲಿ ಅವರು ಕೈಗಳನ್ನು ಮೇಲೆತ್ತಿಕೊಂಡೇ ಟ್ರಕ್ಕಿನಿಂದ ಇಳಿಯುತ್ತಾರೆ. ಹಾಗಿದ್ದರೂ ಗುಂಡು ಹಾರಿಸಿದ್ದು ಸಮರ್ಥನೀಯವೆಂದು ತೀರ್ಮಾನವಾದದ್ದು ಹೇಗೆ?

ಉತ್ತರ 1: ಆ ಕ್ಷಣವನ್ನಷ್ಟೇ ನೋಡಿದರೆ ನಿಮ್ಮ ಸಂದೇಹ ಸಹಜ. ಆದರೆ ಹೆದ್ದಾರಿಯಲ್ಲಿ ಮೊದಲು ತಡೆದಾಗ ಅವರು ಶರಣಾಗದೆ, ಬೇಕಾದರೆ ತಮಗೆ ಗುಂಡಿಕ್ಕಿ ಎಂದು ಕೂಗಿ, ವೇಗವಾಗಿ ಹೊರಟು, ಮುಂದಿನ ರಸ್ತೆತಡೆಯನ್ನು ತಪ್ಪಿಸಲು ಹೋಗಿ ಟ್ರಕ್ಕನ್ನು ಹಿಮದ ರಾಶಿಗೆ ನುಗ್ಗಿಸಿದರು. ಅಲ್ಲಿದ್ದ ಅಧಿಕಾರಿಯೊಬ್ಬರು ಕೂದಲೆಳೆಯಲ್ಲಿ ಪಾರಾದರು. ಇಳಿದ ಮೇಲೆ ಆದೇಶಗಳನ್ನು ಲೆಕ್ಕಿಸದೆ ಕೈಯನ್ನು ಪದೇ ಪದೇ ಜಾಕೆಟ್ಟಿನತ್ತ ಒಯ್ದರೆಂಬುದೇ ತೀರ್ಮಾನಕ್ಕೆ ಮುಖ್ಯ ಆಧಾರ. ಜೇಬಿನಲ್ಲಿ ಗುಂಡು ತುಂಬಿದ 9 ಮಿ.ಮೀ. ಪಿಸ್ತೂಲು ದೊರೆಯಿತು. ರಾಜ್ಯ ಪೊಲೀಸರು ಹಾರಿಸಿದ ಆರೂ ಗುಂಡುಗಳು ಸಮರ್ಥನೀಯವೆಂದು ಮಾರ್ಚ್ 8ರಂದು ಜಿಲ್ಲಾ ಅಟಾರ್ನಿ (ಸರ್ಕಾರಿ ಅಭಿಯೋಜಕರು) ಪ್ರಕಟಿಸಿದರು.

ಉತ್ತರ 2: ಅವುಗಳಲ್ಲಿ ಮೂರು ಗುಂಡುಗಳು ಫಿನಿಕಮ್‌ಗೆ ತಗುಲಿದ್ದು ಬೆನ್ನಿನ ಭಾಗಕ್ಕೆ ಎಂಬುದನ್ನೂ ಹೇಳಬೇಕಲ್ಲವೇ? ಕುಟುಂಬದವರು ಅಧಿಕೃತ ವಿವರಣೆಯನ್ನು ಒಪ್ಪಲಿಲ್ಲ.

ಉತ್ತರ 3: ಬೆನ್ನಿಗೆ ತಗುಲಿತೆಂಬುದೊಂದರಿಂದಲೇ ಅಪರಾಧ ಸಾಬೀತಾಗುವುದಿಲ್ಲ, ಸುತ್ತ ಬೇರೆ ಬೇರೆ ದಿಕ್ಕಿನಲ್ಲಿ ಅಧಿಕಾರಿಗಳಿದ್ದರು. ನನಗೆ ಹೆಚ್ಚು ಕಳವಳಕಾರಿಯಾಗಿ ಕಾಣುವುದು ರಾಜ್ಯ ಪೊಲೀಸರ ಆ ಆರು ಗುಂಡುಗಳಲ್ಲದೆ ಹಾರಿದ ಇನ್ನೆರಡು ಗುಂಡುಗಳ ವಿಷಯ. ಅವುಗಳನ್ನು ಹಾರಿಸಿ ಮುಚ್ಚಿಟ್ಟರೆಂಬ ಆರೋಪ ಹೊತ್ತ ಎಫ್‌ಬಿಐ ಅಧಿಕಾರಿಯನ್ನು 2018ರಲ್ಲಿ ಜ್ಯೂರಿ ಖುಲಾಸೆಗೊಳಿಸಿತು. ಹೀಗಾಗಿ ಅವುಗಳನ್ನು ಹಾರಿಸಿದವರು ಯಾರೆಂಬುದು ಆ ವಿಚಾರಣೆಯಲ್ಲಿ ಇತ್ಯರ್ಥವಾಗಲಿಲ್ಲ.