ಕಾಂಪೊಸಿಟ್‌ಗೆ ‘ಸಂಯುಕ್ತ’ ಅಂದ್ರೆ ಸರಿಯಾಗುತ್ತಾ?

ಕಟ್ಟಡ ಕೆಲಸದ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡನೇ ಪುಟದಲ್ಲೇ ಸಿಕ್ಕಿಕೊಂಡೆ. ಕಾಂಪೊಸಿಟ್ (ಎರಡೋ ಹೆಚ್ಚೋ ಬೇರೆಬೇರೆ ವಸ್ತುಗಳನ್ನು ಜೋಡಿಸಿ ಮಾಡಿದ ವಸ್ತು) ಅಂತ ಬಂದ ಕಡೆಯೆಲ್ಲ ಸುಮ್ನೆ ‘ಸಂಯುಕ್ತ ವಸ್ತು’ ಅಂತ ಬರೆದುಕೊಂಡು ಹೋಗಿದ್ದೆ. ರಸಾಯನಶಾಸ್ತ್ರ ಓದಿದ ಗೆಳೆಯನೊಬ್ಬ ಅದನ್ನು ನೋಡಿ, “ಉಪ್ಪೂ ಸಂಯುಕ್ತ, ನೀರೂ ಸಂಯುಕ್ತ, ವಿಮಾನದ ರೆಕ್ಕೆಯೂ ಸಂಯುಕ್ತವೇನೋ?” ಅಂದ.

ಅವನ ತಕರಾರು ಸರಿಯಾಗಿದೆ. ಸೋಡಿಯಂ, ಕ್ಲೋರಿನ್ ಎರಡೂ ತಮ್ಮ ಗುಣ ಬಿಟ್ಟು ಉಪ್ಪಾಗುತ್ತವಲ್ಲ, ಅದು ಸಂಯುಕ್ತ. ಕಾಂಪೊಸಿಟ್‌ನಲ್ಲಿ ಆಗುವುದು ಇದರ ಉಲ್ಟಾ. ಫೈಬರ್‌ಗ್ಲಾಸನ್ನೇ ತಗೊಳ್ಳಿ: ಅದರಲ್ಲಿ ಗಾಜಿನ ಎಳೆ ಗಾಜಾಗಿಯೇ ಇರುತ್ತದೆ, ಅದನ್ನು ಸುತ್ತಿ ಗಟ್ಟಿಯಾದ ಅಂಟಿನಂಥ ರೆಸಿನ್ ರೆಸಿನ್ನಾಗಿಯೇ ಇರುತ್ತದೆ. ಅದರ ತುಂಡೊಂದನ್ನು ಮುರಿದು ನೋಡಿ. ಗಾಜಿನ ಹಾಗೆ ಫಳ್ಳನೆ ಒಡೆಯುವುದಿಲ್ಲ. ಮುರಿದ ಅಂಚಿನಲ್ಲಿ ಬಿಳಿ ಎಳೆಗಳು ಕಿತ್ತು ನಿಂತಿರುತ್ತವೆ, ಮುಟ್ಟಿದರೆ ಬೆರಳೆಲ್ಲ ತುರಿಕೆ. ಆ ಎಳೆಗಳು ಕಿತ್ತು ಬರುವುದಕ್ಕೂ ಬಲ ಬೇಕು, ಬಿರುಕು ಒಂದೊಂದು ಎಳೆಯ ಹತ್ತಿರವೂ ತಡೆಯುತ್ತದೆ. ಬೇರೆಬೇರೆಯಾಗಿ ಉಳಿದಿದ್ದರಿಂದಲೇ ಗಟ್ಟಿ, ಅಲ್ವಾ? ಹಾಗಾಗಿ ‘ಸಂಯುಕ್ತ’ವನ್ನು ನಾನು ಕೈಬಿಟ್ಟೆ.

‘ಮಿಶ್ರಣ’ ಅಂದರೆ ಕಲಸಿದ್ದು ಅಂತಾಯಿತು. ಆದರೆ ಇಲ್ಲಿ ಎಳೆ ಯಾವ ದಿಕ್ಕಿಗೆ ಮಲಗಿದೆ ಅನ್ನುವುದೇ ಮುಖ್ಯ, ಎಳೆಯ ಉದ್ದಕ್ಕೆ ಇರುವ ಬಲ ಅಡ್ಡಕ್ಕೆ ಇರುವುದಿಲ್ಲ. ‘ಮಿಶ್ರಲೋಹ’ದ ಜೊತೆ ಗೊಂದಲ ಬೇರೆ. ಅಚ್ಚಗನ್ನಡದ ‘ಬೆರಕೆ’ ನನಗೆ ಇಷ್ಟವೇ, ಆದರೆ ಅದಕ್ಕೆ ಕಲಬೆರಕೆಯ ವಾಸನೆ ಅಂಟಿಕೊಂಡಿದೆ. ಬೋಯಿಂಗ್ 787ರ ಮೈಕಟ್ಟಿನ ತೂಕದಲ್ಲಿ ಸುಮಾರು ಅರ್ಧದಷ್ಟು ಕಾಂಪೊಸಿಟ್. ಅದನ್ನೇ ‘ಅರ್ಧದಷ್ಟು ಬೆರಕೆ ಮಾಲು’ ಅಂತ ಬರೆದರೆ ಓದಿದವರು ವಿಮಾನ ಹತ್ತುತ್ತಾರಾ?

ಈಗ ನಾನು ಇಟ್ಟುಕೊಂಡಿರುವುದು ‘ಕೂಡುವಸ್ತು’. ಕೂಡುಕುಟುಂಬ ಅಂತೀವಲ್ಲ, ಆ ಕೂಡು. ಒಂದೇ ಸೂರು, ಆದರೆ ಯಾರೂ ಕರಗಿಹೋಗಿಲ್ಲ. ಇದರ ಇನ್ನೊಂದು ಅನುಕೂಲ ಅಂದ್ರೆ ಕಾಂಪೊಸಿಟ್ ಬೀಮ್‌ಗೆ ‘ಕೂಡುತೊಲೆ’ ಅಂತಲೂ ಹೇಳಬಹುದು. ಉಕ್ಕಿನ ತೊಲೆಯ ಮೇಲೆ ಗುಬುಟು ಮೊಳೆಗಳನ್ನು ಬೆಸೆದು, ಅದರ ಮೇಲೆ ಕಾಂಕ್ರೀಟ್ ಸ್ಲ್ಯಾಬ್ ಸುರಿಯುತ್ತಾರೆ. ಮೇಲಿನ ಕಾಂಕ್ರೀಟ್ ಒತ್ತಡ ತಾಳುತ್ತದೆ, ಕೆಳಗಿನ ಉಕ್ಕು ಎಳೆತ ತಾಳುತ್ತದೆ. ಆ ಮೊಳೆಗಳಿಲ್ಲದಿದ್ದರೆ ಒಂದರ ಮೇಲೊಂದು ಜಾರಿ, ಎರಡೂ ತಮ್ಮ ಪಾಡಿಗೆ ತಾವು ಬಾಗುತ್ತವೆ. ಅಂದ್ರೆ ಕೂಡಿಲ್ಲ.

ಇದಕ್ಕಿಂತ ಜಾಸ್ತಿ ಕಾಡುತ್ತಿರುವುದು ‘ಮ್ಯಾಟ್ರಿಕ್ಸ್’. ಎಳೆಗಳನ್ನು ಹಿಡಿದಿಟ್ಟು, ಒಂದು ಎಳೆಯ ಹೊರೆಯನ್ನು ಪಕ್ಕದ್ದಕ್ಕೆ ದಾಟಿಸುವ ವಸ್ತು ಅದು. ನಿಘಂಟು ತೆರೆದರೆ ‘ಮಾತೃಕೆ’ ಸಿಗುತ್ತದೆ, ಅದು ಗಣಿತದ್ದು, ಅಂಕೆಗಳ ಅಡ್ಡಸಾಲು ಕಂಬಸಾಲು. ‘ಬಂಧಕ’ ಅಂದರೆ ಬರೀ ಅಂಟು ಅನ್ನಿಸುತ್ತದೆ. ಲ್ಯಾಟಿನ್‌ನಲ್ಲಿ ಆ ಪದಕ್ಕೆ ಗರ್ಭ ಅನ್ನುವ ಅರ್ಥವೂ ಇತ್ತು. ಹಾಗಿದ್ದರೆ ನಮ್ಮ ‘ಒಡಲು’ ಯಾಕಾಗಬಾರದು? ‘ರೆಸಿನ್ ಒಡಲಿನಲ್ಲಿ ಕಾರ್ಬನ್ ಎಳೆಗಳು’ — ನನಗಂತೂ ಕಿವಿಗೆ ಹಿತವಾಗಿದೆ. ಎಂಜಿನಿಯರುಗಳು ನಗುತ್ತಾರೋ ಏನೋ.

ಪದರಗಳು ಬಿಟ್ಟುಕೊಳ್ಳುವ ‘ಡಿಲ್ಯಾಮಿನೇಶನ್’ಗೆ ಹೊಸ ಪದವೇ ಬೇಡ. ನೀರು ಕುಡಿದ ಪ್ಲೈವುಡ್ ನೋಡಿ ಯಾರಾದರೂ ‘ಪದರ ಬಿಟ್ಟಿದೆ’ ಅಂತಾರೆ, ಅಷ್ಟು ಸಾಕು. ಮುಂದೆ ‘ವಿ’ ಹಚ್ಚಿ ಹಿಂದೆ ‘ಕರಣ’ ಅಂಟಿಸುವ ಕೆಲಸಕ್ಕೆ ನಾನಿಲ್ಲ.

ಬಲ್ಲವರು ಎರಡು ವಿಷಯ ತಿಳಿಸಿ. ‘ಕೂಡುವಸ್ತು’ವನ್ನು ಬೇರೆ ಅರ್ಥದಲ್ಲಿ ಯಾರಾದರೂ ಈಗಾಗಲೇ ಬಳಸಿದ್ದಾರಾ? ‘ಒಡಲು’ ಅಂದರೆ ಓದುವವರಿಗೆ ಇಡೀ ವಸ್ತುವಿನ ಮೈ ಅಂತಲೇ ಹೊಳೆದು, ಒಳಗಿನ ರೆಸಿನ್ ಮಾತ್ರ ಅನ್ನುವುದು ತಪ್ಪಿಹೋಗುತ್ತದಾ? ಈ ಎರಡನೆಯದರ ಬಗ್ಗೆ ನನಗೇ ಅನುಮಾನ ಇದೆ.