10×25 ಬೈನಾಕ್ಯುಲರ್‌ನಲ್ಲಿ ಸಂಜೆ ಸರಿಯಾಗಿ ಕಾಣಲ್ಲ, ತಲೆನೋವು ಬೇರೆ. ಹಗುರವಾದದ್ದು ಯಾವುದು ತಗೊಳ್ಳಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಆರು ದಿನ ಪ್ರಾಣಿ, ಪಕ್ಷಿ ನೋಡಲು ಕಾಡಿಗೆ ಹೋಗುತ್ತಿದ್ದೇವೆ. ಬೆಳಗ್ಗೆ ನಡಿಗೆ, ಸಂಜೆ ಗಾಡಿಯಲ್ಲಿ ಸುತ್ತಾಟ. ಈಗ ನನ್ನ ಹತ್ತಿರ ಇರುವುದು 10×25 ಬೈನಾಕ್ಯುಲರ್ (10 ಅಂದರೆ ಎಷ್ಟು ಪಟ್ಟು ಅನ್ನುವುದು, 25 ಅಂದರೆ ಮುಂದಿನ ಲೆನ್ಸಿನ ಅಗಲ, ಮಿ.ಮೀ.ನಲ್ಲಿ). ತೂಕ 280 ಗ್ರಾಂ. ಜೇಬಿಗೆ ಹೋಗುತ್ತದೆ, ಹತ್ತು ಪಟ್ಟು ಹತ್ತಿರ ತೋರಿಸುತ್ತದೆ, ಇನ್ನೇನು ಬೇಕು ಅಂದುಕೊಂಡು ತಗೊಂಡಿದ್ದೆ.

ಹಗಲು ಹೊತ್ತಿನಲ್ಲಿ ಪರವಾಗಿಲ್ಲ. ಹೊತ್ತು ಇಳಿದರೆ ಕಷ್ಟ. ಕಳೆದ ಸಲ ಕೆರೆಯ ಆಚೆ ದಡಕ್ಕೆ ಜಿಂಕೆಗಳು ನೀರಿಗೆ ಬಂದಿದ್ದವು. ಪಕ್ಕದಲ್ಲಿದ್ದವರು ತಮ್ಮ ಬೈನಾಕ್ಯುಲರ್‌ನಲ್ಲಿ ಮರಿಗಳನ್ನು ಎಣಿಸುತ್ತಿದ್ದರು. ನನಗೆ ಕಂಡಿದ್ದು ಕಂದು ಬಣ್ಣದ ಒಂದು ರಾಶಿ, ಅದೂ ಅಲುಗಾಡುತ್ತಿತ್ತು. ನಾನು ಕನ್ನಡಕ ಹಾಕುತ್ತೇನೆ. ನೋಡುವಾಗ ಅಂಚಿನಲ್ಲಿ ಬಿದಿಗೆ ಚಂದ್ರನ ಆಕಾರದ ಕಪ್ಪು ನೆರಳು ಬಂದು ಬಂದು ಹೋಗುತ್ತದೆ. ಹತ್ತು ನಿಮಿಷ ನೋಡಿದರೆ ಹುಬ್ಬಿನ ನಡುವೆ ನೋವು ಶುರು.

ಗೆಳೆಯರ 10×42 ಒಂದು ದಿನ ಹಾಕಿಕೊಂಡು ನೋಡಿದೆ. ನೋಟ ತುಂಬಾ ಚೆನ್ನಾಗಿತ್ತು. ಆದರೆ 750 ಗ್ರಾಂ. ಮಧ್ಯಾಹ್ನದ ಹೊತ್ತಿಗೆ ಕತ್ತು ಹಿಡಿದುಕೊಂಡಿತು. ಹಗುರವೂ ಇರಬೇಕು, ಸಂಜೆಯೂ ಕಾಣಬೇಕು. 12×25 ಅಂತ ಒಂದು ನೋಡಿದ್ದೇನೆ. ಅದು ತಗೊಳ್ಳಲಾ?

ಉತ್ತರ

12×25 ಖಂಡಿತ ಬೇಡ. ನಿಮ್ಮ ತೊಂದರೆಗಳಲ್ಲಿ ಎರಡು ಇನ್ನೂ ಜಾಸ್ತಿ ಆಗುತ್ತವೆ.

ಮೊದಲು ಮಬ್ಬಿನ ವಿಷಯ. ನಿಮ್ಮ ಬೈನಾಕ್ಯುಲರನ್ನು ಕಣ್ಣಿಗೆ ಇಡಬೇಡಿ, ಕೈ ಚಾಚಿ ದೂರ ಹಿಡಿಯಿರಿ. ಬೆಳಕಿರುವ ಕಿಟಕಿ ಕಡೆಗೆ ತಿರುಗಿಸಿ, ಕಣ್ಣಿಡುವ ಲೆನ್ಸನ್ನು ನೋಡಿ. ಅದರೊಳಗೆ ಒಂದು ಸಣ್ಣ ಬೆಳಕಿನ ಚುಕ್ಕೆ ತೇಲುತ್ತಿರುವ ಹಾಗೆ ಕಾಣುತ್ತದೆ, ಅಲ್ವಾ? ಅದಕ್ಕೆ ಎಕ್ಸಿಟ್ ಪ್ಯೂಪಿಲ್ ಅನ್ನುತ್ತಾರೆ. ನಿಮ್ಮ ಕಣ್ಣಿಗೆ ಸಿಗುವ ಬೆಳಕೆಲ್ಲ ಅಷ್ಟೇ. ಮುಂದಿನ ಲೆನ್ಸಿನ ಅಗಲವನ್ನು ಪವರ್‌ನಿಂದ ಭಾಗಿಸಿದರೆ ಅದರ ಅಳತೆ ಸಿಗುತ್ತದೆ. 25 ಭಾಗಿಸು 10, ಅಂದರೆ 2.5 ಮಿ.ಮೀ. ಬಿಸಿಲಿನಲ್ಲಿ ನಮ್ಮ ಕಣ್ಣಿನ ಪಾಪೆಯೂ 2–3 ಮಿ.ಮೀ. ಇರುತ್ತದೆ, ಹಾಗಾಗಿ ಕೊರತೆ ಗೊತ್ತಾಗಲ್ಲ. ಕತ್ತಲಾಗುತ್ತಾ ಪಾಪೆ 5 ಮಿ.ಮೀ. ಆಸುಪಾಸಿಗೆ ಅಗಲವಾಗುತ್ತದೆ, ಚಿಕ್ಕ ವಯಸ್ಸಿನವರಲ್ಲಿ ಅದಕ್ಕಿಂತಲೂ ಜಾಸ್ತಿ. ಕಣ್ಣು ಬಾಗಿಲು ತೆರೆದು ಕಾದಿದೆ, ಒಳಗೆ ಬರುವ ಬೆಳಕು ಮಾತ್ರ 2.5 ಮಿ.ಮೀ. ದಪ್ಪ. 12×25 ತಗೊಂಡರೆ ಅದು 2.1ಕ್ಕೆ ಇಳಿಯುತ್ತದೆ.

8×32ರಲ್ಲಿ ಇದು 4 ಮಿ.ಮೀ. ವಿಸ್ತೀರ್ಣದ ಲೆಕ್ಕ ಹಾಕಿದರೆ ಸಂಜೆ ಹೊತ್ತು ನಿಮಗೆ ಈಗ ಸಿಗುತ್ತಿರುವ ಬೆಳಕಿನ ಎರಡೂವರೆ ಪಟ್ಟು. ನಿಮ್ಮ ಗೆಳೆಯರ 10×42ರಲ್ಲಿ 4.2. ಎರಡೂ ಹೆಚ್ಚುಕಡಿಮೆ ಒಂದೇ, ಆದರೆ ಒಂದು ಸಾಮಾನ್ಯವಾಗಿ 450–600 ಗ್ರಾಂ, ಇನ್ನೊಂದು ನಿಮ್ಮ ಕತ್ತು ನೋಯಿಸಿದ 750.

ಅಲುಗಾಟಕ್ಕೂ ಇದೇ ಮದ್ದು. ಹತ್ತು ಪಟ್ಟು ದೊಡ್ಡದಾಗುವುದು ಜಿಂಕೆ ಮಾತ್ರ ಅಲ್ಲ, ನಿಮ್ಮ ಕೈ ನಡುಕವೂ ಅಷ್ಟೇ ದೊಡ್ಡದಾಗುತ್ತದೆ. ಬೈನಾಕ್ಯುಲರ್ ತೀರಾ ಹಗುರ ಇದ್ದರೆ ಕೈ ನಿಲ್ಲುವುದೂ ಕಷ್ಟ. ಇದು ಕೇಳಲು ವಿಚಿತ್ರ ಅನಿಸಬಹುದು, ಆದರೆ 280 ಗ್ರಾಂನದ್ದು ಹಿಡಿದು, ತಕ್ಷಣ 500 ಗ್ರಾಂನದ್ದು ಹಿಡಿದು ನೋಡಿ, ತಿಳಿಯುತ್ತದೆ. ಜೊತೆಗೆ 8ರಲ್ಲಿ ನೋಟದ ಹರವು ದೊಡ್ಡದು. ಒಳ್ಳೆಯ 8×32ರಲ್ಲಿ ಸಾವಿರ ಮೀಟರ್ ದೂರದಲ್ಲಿ ಸುಮಾರು 130–140 ಮೀಟರ್ ಅಗಲ ಕಾಣುತ್ತದೆ. ಜೇಬಿನ 10×25ರಲ್ಲಿ ಸಾಮಾನ್ಯವಾಗಿ 90–110. ಪೊದೆಯೊಳಗೆ ಎಲೆ ಅಲುಗಿದ ಜಾಗವನ್ನು ಹುಡುಕುವಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಕಪ್ಪು ನೆರಳು ಕನ್ನಡಕದಿಂದ. ಲೆನ್ಸಿನಿಂದ ಹೆಚ್ಚೆಂದರೆ ಎಷ್ಟು ಹಿಂದೆ ಕಣ್ಣಿಟ್ಟರೆ ಪೂರ್ತಿ ಚಿತ್ರ ಸಿಗುತ್ತದೆ ಅನ್ನುವ ದೂರಕ್ಕೆ ಐ ರಿಲೀಫ್ ಅಂತ ಹೆಸರು. ಕನ್ನಡಕದವರಿಗೆ ಕನಿಷ್ಠ 15 ಮಿ.ಮೀ. ಬೇಕು, 16–17 ಇದ್ದರೆ ನಿರಾಳ. ಈಗಿರುವುದರಲ್ಲಿ ರಬ್ಬರ್ ಕಪ್ಪನ್ನು ಪೂರ್ತಿ ಮಡಚಿ ಒಂದು ಸಲ ನೋಡಿ. ಎರಡು ಕೊಳವೆಗಳ ನಡುವಿನ ಅಂತರವನ್ನೂ ನಿಮ್ಮ ಕಣ್ಣಿಗೆ ಹೊಂದಿಸಿ. ಜೇಬಿನವುಗಳಿಗೆ ಎರಡು ಕಡೆ ಮಡಿಕೆ ಇರುತ್ತದಲ್ಲ, ಒಂದು ಜಾಸ್ತಿ ಒಂದು ಕಡಿಮೆ ತೆರೆದಿದ್ದರೂ ನೆರಳು ಬರುತ್ತದೆ.

ತಲೆನೋವಿಗೆ ಮಾತ್ರ ಹೊಸದನ್ನು ಕೊಂಡರೆ ಸಾಲದು, ಕಾರಣ ಹುಡುಕಬೇಕು. ಬಲಗಡೆ ಕಣ್ಣಿಡುವ ಲೆನ್ಸಿನ ಹತ್ತಿರ ಒಂದು ರಿಂಗ್ ಇರುತ್ತದೆ, ಡಯಾಪ್ಟರ್. ಎರಡು ಕಣ್ಣುಗಳ ನಡುವಿನ ವ್ಯತ್ಯಾಸ ಹೊಂದಿಸಲು ಅದು. ಬಲಗಡೆಯ ಮುಂದಿನ ಲೆನ್ಸನ್ನು ಕೈಯಿಂದ ಮುಚ್ಚಿ. ಎರಡೂ ಕಣ್ಣು ತೆರೆದೇ ಇರಲಿ. ನಡುವಿನ ಚಕ್ರ ತಿರುಗಿಸಿ, ದೂರದ ಒಂದು ಬೋರ್ಡಿನ ಅಕ್ಷರ ಎಡಗಣ್ಣಿಗೆ ಚೂಪಾಗಿ ಕಾಣುವ ಹಾಗೆ ಮಾಡಿ. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ, ಆ ರಿಂಗನ್ನಷ್ಟೇ ತಿರುಗಿಸಿ ಅದೇ ಅಕ್ಷರವನ್ನು ಬಲಗಣ್ಣಿಗೆ ಚೂಪು ಮಾಡಿ. ಇದನ್ನು ಮಾಡಿ ನೋಡಿ ತಿಳಿಸಿ. ಇನ್ನೊಂದು, ಬೈನಾಕ್ಯುಲರ್ ಯಾವಾಗಲಾದರೂ ಕೆಳಗೆ ಬಿದ್ದಿತ್ತಾ?

ಪ್ರಶ್ನೆ ಕೇಳಿದವರು

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಡಯಾಪ್ಟರ್ ರಿಂಗ್ ಒಂದು ಕೊನೆಗೆ ಹೋಗಿ ಕೂತಿತ್ತು. ಸಡಿಲ ಇದೆ, ಜೇಬಿನಲ್ಲಿ ಉಜ್ಜಿದಾಗೆಲ್ಲ ತಿರುಗುತ್ತಿರಬೇಕು. ಸರಿ ಮಾಡಿದೆ, ಚಿತ್ರ ಚೂಪಾಯಿತು. ಕಪ್ ಮಡಚಿದ ಮೇಲೆ ಕಪ್ಪು ನೆರಳೂ ಕಡಿಮೆ ಆಗಿದೆ, ಆದರೆ ಸುತ್ತಲಿನ ಅಂಚು ಕಾಣಲ್ಲ.

ನೋವು ಮಾತ್ರ ಇನ್ನೂ ಇದೆ. ಹೌದು, ಒಂದು ಸಲ ಗಾಡಿಯ ಸೀಟಿನಿಂದ ಕಲ್ಲಿನ ಮೇಲೆ ಬಿದ್ದಿತ್ತು. ಗಾಜು ಒಡೆದಿರಲಿಲ್ಲ, ಹಾಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ.

ಇನ್ನೊಬ್ಬರ ಉತ್ತರ

ಬಿದ್ದಿದೆ ಅಂದ ಮೇಲೆ ಒಂದು ಪರೀಕ್ಷೆ ಮಾಡಲೇಬೇಕು. ದೂರದ ಕಟ್ಟಡದ ಚಾವಣಿ ಅಂಚನ್ನೋ, ನೆಟ್ಟಗೆ ಅಡ್ಡ ಹೋಗಿರುವ ಒಂದು ತಂತಿಯನ್ನೋ ನೋಡಿ. ಬೈನಾಕ್ಯುಲರನ್ನು ಏನಾದರೂ ಗಟ್ಟಿಯಾದದ್ದಕ್ಕೆ ಆನಿಸಿ ಇಡಿ. ನೋಡುತ್ತಲೇ ನಿಮ್ಮ ತಲೆಯನ್ನು ನಿಧಾನವಾಗಿ ಒಂದು ಗೇಣು ಹಿಂದಕ್ಕೆ ತನ್ನಿ. ಈಗ ಎರಡು ಪುಟ್ಟ ವೃತ್ತಗಳು ಬೇರೆಬೇರೆಯಾಗಿ ಕಾಣುತ್ತವೆ. ಎರಡರಲ್ಲೂ ಆ ಗೆರೆ ಒಂದೇ ಎತ್ತರದಲ್ಲಿ ಇರಬೇಕು. ಒಂದರಲ್ಲಿ ಮೇಲೆ, ಒಂದರಲ್ಲಿ ಕೆಳಗೆ ಇದ್ದರೆ ಒಳಗಿನ ಪ್ರಿಸಂ ಜರುಗಿದೆ ಅಂತ ಅರ್ಥ. ಕಣ್ಣಿಗೆ ಇಟ್ಟಾಗ ಎರಡು ಚಿತ್ರ ಕಾಣದೆ ಇರಬಹುದು, ಯಾಕೆಂದರೆ ಕಣ್ಣಿನ ಸ್ನಾಯುಗಳು ಎಳೆದಾಡಿ ಎರಡನ್ನೂ ಒಂದು ಮಾಡುತ್ತಿರುತ್ತವೆ. ಆ ಎಳೆದಾಟವೇ ಹುಬ್ಬಿನ ನೋವು. ಅಡ್ಡಡ್ಡ ವ್ಯತ್ಯಾಸವನ್ನು ಕಣ್ಣು ಸ್ವಲ್ಪ ಸಹಿಸುತ್ತದೆ, ಮೇಲೆ ಕೆಳಗಿನ ವ್ಯತ್ಯಾಸವನ್ನು ಬಹಳ ಕಡಿಮೆ.

ದಯವಿಟ್ಟು ನೀವೇ ಸ್ಕ್ರೂ ಬಿಚ್ಚಬೇಡಿ. ಧೂಳು ಒಳಗೆ ಹೋದರೆ ಅದೂ ಹೋಯಿತು. ಆ ಜೋಡಣೆಗೆ ಸರಿಯಾದ ಸಲಕರಣೆ ಬೇಕು.

ಆಯ್ಕೆಗೆ ಬಂದರೆ, 8×32 ಅಥವಾ 8×30 ಅನ್ನುವ ಮಾತಿಗೆ ನನ್ನದೂ ಒಪ್ಪಿಗೆ. ನಿಕಾನ್ ಮೊನಾರ್ಕ್ 7 ಸರಣಿಯ 8×30 ತೂಗುವುದು ಸುಮಾರು 435 ಗ್ರಾಂ, ಹರವು 145 ಮೀಟರ್. ಇಷ್ಟು ಹಗುರದಲ್ಲಿ ಅಷ್ಟು ಅಗಲ ಸಿಗುತ್ತದೆ ಅನ್ನುವುದಕ್ಕೆ ಹೇಳಿದೆ. ಅದರ ಐ ರಿಲೀಫ್ 15ರ ಹತ್ತಿರ, ಹಾಗಾಗಿ ನಿಮ್ಮದೇ ಕನ್ನಡಕ ಹಾಕಿ ನೋಡದೆ ತೀರ್ಮಾನ ಬೇಡ. ಜೇಬಿನ ಅಳತೆಯೇ ಬೇಕು ಅಂತಿದ್ದರೆ 10×25 ಬಿಟ್ಟು 8×25 ನೋಡಿ. ಝೈಸ್ ವಿಕ್ಟರಿ ಪಾಕೆಟ್ 8×25 ಸುಮಾರು 290 ಗ್ರಾಂ, ಹರವು 130 ಮೀಟರ್, ಕನ್ನಡಕಕ್ಕೂ ಹೊಂದುತ್ತದೆ. ಆದರೆ ದುಬಾರಿ, ಮತ್ತು ಸಂಜೆ ಬೆಳಕಿಗೆ 3.1 ಮಿ.ಮೀ. ಅಷ್ಟೇ. ನಿಮಗೆ ಸಂಜೆ ಸುತ್ತಾಟ ಇರುವುದರಿಂದ ನಾನಾಗಿದ್ದರೆ ಇದನ್ನು ಆರಿಸುತ್ತಿರಲಿಲ್ಲ.

ಖರ್ಚು ಕಡಿಮೆ ಇರಲಿ ಅಂದರೆ ಪೋರೊ ಮಾದರಿಯನ್ನು ಮರೆಯಬೇಡಿ. ಭುಜ ಅಗಲ ಇರುವ ಹಳೆಯ ಆಕಾರದ್ದು. ಇಗ್ನಾಝಿಯೊ ಪೋರೊ 1854ರಲ್ಲಿ ಪೇಟೆಂಟ್ ಪಡೆದ ಪ್ರಿಸಂ ಜೋಡಣೆ ಅದು. ನೆಟ್ಟಗಿನ ಕೊಳವೆಯ ರೂಫ್ ಪ್ರಿಸಂ ಚೂಪಾಗಿ ತೋರಿಸಬೇಕಾದರೆ ಫೇಸ್ ಕೋಟಿಂಗ್ ಅನ್ನುವ ಲೇಪನ ಬೇಕು. ತೀರಾ ಅಗ್ಗದವುಗಳಲ್ಲಿ ಅದನ್ನು ಬಿಟ್ಟಿರುತ್ತಾರೆ. ಪೋರೊಗೆ ಅದು ಬೇಕೇ ಇಲ್ಲ. ಹಾಗಾಗಿ ಅದೇ ದುಡ್ಡಿಗೆ ಪೋರೊದಲ್ಲಿ ಚಿತ್ರ ಚೆನ್ನಾಗಿರುತ್ತದೆ. ಆದರೆ ನೀರು ಒಳಗೆ ಹೋಗದಂತೆ ಮುಚ್ಚಿದ್ದು ಹುಡುಕಿ ತಗೊಳ್ಳಬೇಕು. ಜೂಮ್ ಬೈನಾಕ್ಯುಲರ್ ಮಾತ್ರ ಮುಟ್ಟಬೇಡಿ, ಹರವು ಕಿರಿದು, ಭಾರ ಜಾಸ್ತಿ.

ಅಂಗಡಿಯಲ್ಲಿ ಬಿಸಿಲಿನ ರಸ್ತೆ ನೋಡಿ ಒಪ್ಪಿಕೊಳ್ಳಬೇಡಿ. ಬಿಸಿಲಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಬೆಳಕು ಕಡಿಮೆ ಇರುವ ಮೂಲೆಯಲ್ಲಿ ಸಣ್ಣ ಅಕ್ಷರ ಓದಿ ನೋಡಿ. ಕುತ್ತಿಗೆ ಪಟ್ಟಿಯ ಬದಲು ಬೆನ್ನ ಮೇಲೆ ಅಡ್ಡ ಬರುವ ಹಾರ್ನೆಸ್ ಹಾಕಿ, ಭಾರ ಭುಜಕ್ಕೆ ಹೋಗುತ್ತದೆ. 500 ಗ್ರಾಂ ಮರೆತೇ ಹೋಗುತ್ತದೆ.

ಪ್ರಶ್ನೆ ಕೇಳಿದವರು

ಪರೀಕ್ಷೆ ಮಾಡಿದೆ. ಬಲಗಡೆ ವೃತ್ತದಲ್ಲಿ ತಂತಿ ಸ್ಪಷ್ಟವಾಗಿ ಕೆಳಗಿದೆ. ಇಷ್ಟು ದಿನ ನನ್ನ ಕಣ್ಣೇ ಸರಿಯಿಲ್ಲ ಅಂದುಕೊಂಡಿದ್ದೆ.

ನಾಲ್ಕು ಬೈನಾಕ್ಯುಲರ್ ನೋಡಿ, ಕೊನೆಗೆ 510 ಗ್ರಾಂನ ಒಂದು 8×32 ತಗೊಂಡೆ. ಐ ರಿಲೀಫ್ 17. ಕನ್ನಡಕ ಹಾಕಿಯೇ ಅಂಚಿನವರೆಗೂ ಕಾಣುತ್ತದೆ. ಹಾರ್ನೆಸ್ ಕೂಡ ಬಂತು. ನಿನ್ನೆ ಸೂರ್ಯ ಮುಳುಗಿ ಇಪ್ಪತ್ತು ನಿಮಿಷ ಆದ ಮೇಲೆ ಮನೆ ಎದುರಿನ ಮರದಲ್ಲಿ ಒಂದು ಗೂಬೆ ಕೂತಿತ್ತು. ಅದು ತಲೆ ತಿರುಗಿಸಿದಾಗ ಎದೆಯ ಮೇಲಿನ ಪಟ್ಟೆಗಳು ಒಂದೊಂದಾಗಿ ಕಂಡವು. ಅರ್ಧ ಗಂಟೆ ನೋಡಿದೆ, ನೋವು ಬರಲಿಲ್ಲ.

ಒಂದು ಸಣ್ಣ ಅನುಮಾನ. ಎಸಿ ಕೋಣೆಯಿಂದ ಹೊರಗೆ ತಂದ ಕೂಡಲೇ ಲೆನ್ಸೆಲ್ಲ ಮಂಜು ಹಿಡಿಯಿತು. ಇದರಲ್ಲಿ ನೈಟ್ರೋಜನ್ ತುಂಬಿದೆ ಅಂತ ಬರೆದಿದೆ. ಏನಾದರೂ ದೋಷ ಇರಬಹುದಾ?

ಉತ್ತರ

ದೋಷ ಇಲ್ಲ. ನೈಟ್ರೋಜನ್ ತಡೆಯುವುದು ಒಳಗಿನ ಮಂಜನ್ನು. ಹೊರಗಿನ ಗಾಜು ತಣ್ಣಗಿದ್ದರೆ ಹೊರಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಹೊರಡುವ ಅರ್ಧ ಗಂಟೆ ಮೊದಲೇ ಚೀಲದ ಸಮೇತ ಹೊರಗಿಡಿ. ಮಂಜು ಹಿಡಿದರೂ ಅಂಗಿಯ ತುದಿಯಿಂದ ಒರೆಸಬೇಡಿ, ಧೂಳಿನ ಕಣ ಇದ್ದರೆ ಗೀರು ಬೀಳುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿಯೇ ಆರುತ್ತದೆ.